ಬಾಗಿಲೊಳಗಿನ ಲೆಕ್ಕ

ನಮ್ಮ ಹೊಸಪೇಟೆ ಕಡೆ ಈಚೆಗೆ ಮನೆತನದ ಚರಿತ್ರೆ ಅಚ್ಚು ಹಾಕಿಸುವ ಉತ್ಸಾಹ ಹೆಚ್ಚಿದೆ. ಗೃಹಪ್ರವೇಶಕ್ಕೋ ಹಿರಿಯರ ಅರವತ್ತರ ಶಾಂತಿಗೋ ಹೋದರೆ ತಾಂಬೂಲದ ಜೊತೆ ಒಂದು ತೆಳ್ಳಗಿನ ಪುಸ್ತಕ ಕೈಗೆ ಬರುತ್ತದೆ. ಮುಖಪುಟದ ಮೇಲೆ ಹಂಪಿಯ ಕಲ್ಲಿನ ರಥ, ಒಳಗೆ ಮನೆದೇವರ ಚಿತ್ರ, ನಡುವಿನ ಎರಡು ಪುಟಗಳ ತುಂಬ ವಂಶವೃಕ್ಷ. ಇತಿಹಾಸ ಪಾಠ ಹೇಳುವ ಟೀಚರು ಎಂಬ ಕಾರಣಕ್ಕೆ ಇಂಥ ಪುಸ್ತಕಗಳನ್ನು ನನಗೆ ತಂದುಕೊಡುವವರೂ ಇದ್ದಾರೆ. ಇವುಗಳ ಜೊತೆಗೆ ಊರ ಜಾತ್ರೆಗೆ, ಶಾಲೆಯ ಮಹೋತ್ಸವಕ್ಕೆ ಹೊರತರುವ ಸ್ಮರಣ ಸಂಚಿಕೆಗಳು. ಅವುಗಳಲ್ಲಿ ನಮ್ಮೂರ ಇತಿಹಾಸ ಎಂಬ ಲೇಖನ ಇದ್ದೇ ಇರುತ್ತದೆ. ಇವನ್ನೆಲ್ಲ ಆಸೆಯಿಂದಲೇ ಓದುತ್ತೇನೆ. ಓದಿ ಮುಗಿಸಿದಾಗಲೆಲ್ಲ ಒಂದೇ ಪ್ರಶ್ನೆ ಉಳಿಯುತ್ತದೆ: ಈ ಮನೆಗಳಲ್ಲಿ, ಈ ಊರುಗಳಲ್ಲಿ ಹೆಂಗಸರು ಇರಲೇ ಇಲ್ಲವೇ?

ಮೊದಲು ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಇವನ್ನು ಬರೆಯುವುದು ಸುಲಭದ ಕೆಲಸವಲ್ಲ. ಹೆಚ್ಚಾಗಿ ನಿವೃತ್ತರಾದವರು, ಕೈಯಿಂದ ದುಡ್ಡು ಹಾಕಿ, ಬಿಸಿಲಲ್ಲಿ ನಿಂತು ಗುಡಿಯ ಕಲ್ಲು ಓದಿಸಿ, ಹಳೆಯ ಪಹಣಿ ಹುಡುಕಿ ಬರೆದಿರುತ್ತಾರೆ. ಅವರು ಬರೆಯದೆ ಹೋಗಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಆದರೆ ಆ ಮರವನ್ನೊಮ್ಮೆ ಸರಿಯಾಗಿ ನೋಡಿ. ಮೂಲಪುರುಷನಿಗೆ ಮೂವರು ಗಂಡುಮಕ್ಕಳು, ಅವರಿಗೆ ಮತ್ತೆ ಗಂಡುಮಕ್ಕಳು, ಏಳು ತಲೆಮಾರು ಗಂಡಸರಿಗೆ ಗಂಡಸರೇ ಹುಟ್ಟುತ್ತ ಬಂದ ಹಾಗೆ. ಒಬ್ಬಾತನಿಗೆ ಇಬ್ಬರು ಹೆಂಡಿರಿದ್ದರೆ ಮಾತ್ರ ‘ಹಿರಿಯ ಹೆಂಡತಿಯಲ್ಲಿ’, ‘ಕಿರಿಯ ಹೆಂಡತಿಯಲ್ಲಿ’ ಎಂಬ ಟಿಪ್ಪಣಿ ಇರುತ್ತದೆ. ಅದೂ ಪಾಲು ಗುರುತಿಸುವುದಕ್ಕೆ, ಆ ಹೆಂಗಸರನ್ನು ನೆನೆಯುವುದಕ್ಕಲ್ಲ.

ಈ ಮರಗಳಿಗೆ ಮೂಲ ಅನೇಕ ಸಲ ಹೆಳವರ ಪುಸ್ತಕ. ಎತ್ತಿನ ಮೇಲೆ ಕೂತು, ಗಂಟೆಯ ಸದ್ದಿನೊಡನೆ ಸುಗ್ಗಿಯ ಹೊತ್ತಿಗೆ ಮನೆ ಮುಂದೆ ಬಂದು ನಿಲ್ಲುವ ಹೆಳವರನ್ನು ನಮ್ಮ ವಯಸ್ಸಿನವರೆಲ್ಲ ನೋಡಿದ್ದೇವೆ. ಮನೆತನದ ಮೂಲ ಊರು ಯಾವುದು, ಯಾವ ಬರದಲ್ಲಿ ಊರು ಬಿಟ್ಟರು, ಯಾರ ಮಗ ಯಾರು ಎಂದು ರಾಗವಾಗಿ ಹೇಳುತ್ತ ಹೋಗುವ ಅವರ ನೆನಪಿನ ಶಕ್ತಿಗೆ ಕೈ ಮುಗಿಯಬೇಕು. ಕಾಳು, ಬಟ್ಟೆ ಕೊಟ್ಟರೆ ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಹಾಗೆ ಬಂದ ಹಿರಿಯರೊಬ್ಬರನ್ನು, ನಿಮ್ಮ ಪುಸ್ತಕದಲ್ಲಿ ಹೆಣ್ಣುಮಕ್ಕಳು ಯಾಕಿಲ್ಲ ಎಂದು ಕೇಳಿದೆ. ‘ಕೊಟ್ಟ ಹೆಣ್ಣು ಕುಲದ ಹೊರಗ್ರೀ ಅಕ್ಕಾರೆ. ಆಕಿ ಗಂಡನ ಮನಿ ಪುಸ್ತಕದಾಗ ಇರ್ತಾಳ’ ಎಂದರು. ಹಾಗಾದರೆ ನಮ್ಮ ಮನೆಗೆ ಬಂದ ಸೊಸೆಯಂದಿರ ಹೆಸರು ತೋರಿಸಿ ಎಂದೆ. ‘ಬಂದ ಹೆಣ್ಣು ಬ್ಯಾರೆ ಕುಲದ್ದಲ್ರೀ?’ ಎಂದು ನಕ್ಕರು. ಕೊಟ್ಟವಳು ಅಲ್ಲಿಯವಳು, ಬಂದವಳೂ ಅಲ್ಲಿಯವಳು. ಎರಡೂ ಪುಸ್ತಕದಲ್ಲಿ ಅವಳಿಗೆ ಜಾಗವಿಲ್ಲ. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ನಾವು ಏನನ್ನು ಕೇಳಿ ಕಾಳು ಹಾಕಿದೆವೋ ಅದನ್ನು ಅವರು ಹೇಳಿದರು.

ಹಾಗೆಂದು ಮನೆಯೊಳಗೆ ಆ ಹೆಂಗಸರಿಗೆ ಗುರುತೇ ಇರಲಿಲ್ಲವೆ? ಇತ್ತು. ಕಂಪ್ಲಿಯಾಕಿ, ಸಂಡೂರಾಕಿ, ಗಂಗಾವತಿ ಅತ್ತಿ. ಸೊಸೆಯಾಗಿ ಬಂದವಳಿಗೆ ತವರೂರಿನ ಹೆಸರೇ ಹೆಸರು. ಕೆಲವು ಮನೆಗಳಲ್ಲಿ ಮದುವೆಯ ದಿನ ಅಕ್ಕಿಯ ಮೇಲೆ ಬೇರೆ ಹೆಸರು ಬರೆದು ಹಳೆಯದನ್ನು ಅಳಿಸಿದರೆ, ಇನ್ನು ಕೆಲವು ಮನೆಗಳಲ್ಲಿ ಊರಿನ ಹೆಸರೇ ಎಲ್ಲವನ್ನೂ ನುಂಗಿತು. ನಮ್ಮ ಮುತ್ತಜ್ಜಿ ಎಲ್ಲರ ಬಾಯಲ್ಲೂ ‘ಕಂಪ್ಲಿ ಅವ್ವ’. ಅವಳ ತವರಿನ ಹೆಸರನ್ನು ಹೇಳಬಲ್ಲವರು ಈಗ ಮನೆಯಲ್ಲಿ ಯಾರೂ ಉಳಿದಿಲ್ಲ. ಆದರೂ ಆ ಅಡ್ಡಹೆಸರು ಒಂದು ದಾಖಲೆಯೇ. ಯಾವ ಊರಿಗೂ ಯಾವ ಊರಿಗೂ ಕೊಟ್ಟು ತರುವ ಸಂಬಂಧವಿತ್ತು, ಯಾವ ದಾರಿಯಲ್ಲಿ ಗಾಡಿ ಓಡಾಡಿತು, ಹೊಳೆಯ ಆಚೆಯ ಹೆಣ್ಣು ಈಚೆಗೆ ಹರಿಗೋಲಿನಲ್ಲಿ ಬಂದಳೇ ಎಂಬುದೆಲ್ಲ ಅದರಲ್ಲಿದೆ. ಗಂಡಸರ ಹೆಸರುಗಳು ಒಂದೇ ಊರಿನಲ್ಲಿ ನಿಂತ ಮರವನ್ನು ತೋರಿಸಿದರೆ, ಹೆಂಗಸರ ಅಡ್ಡಹೆಸರುಗಳು ಇಡೀ ಸೀಮೆಯ ನಕ್ಷೆಯನ್ನು ತೋರಿಸುತ್ತವೆ. ವಂಶವೃಕ್ಷ ಬರೆಯುವವರು ಅದನ್ನೇ ಬಿಟ್ಟುಬಿಡುತ್ತಾರೆ.

ಮನೆಯ ಚರಿತ್ರೆ ಹೀಗಾದರೆ ಊರಿನ ಚರಿತ್ರೆಯ ಕಥೆ ಏನು? ನಮ್ಮ ಸ್ಮರಣ ಸಂಚಿಕೆಗಳ ಲೇಖಕರು ಸಾಮಾನ್ಯವಾಗಿ ಮೂರು ಕಡೆಯಿಂದ ತೆಗೆದುಕೊಳ್ಳುತ್ತಾರೆ. ಒಂದು, ಕರ್ನಲ್ ಮೆಕೆಂಜಿ ಇನ್ನೂರು ವರ್ಷಗಳ ಹಿಂದೆ ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮೊದಲಾದವರ ಸಹಾಯದಿಂದ ಊರೂರಿನಿಂದ ಕೂಡಿಸಿದ ಕೈಫಿಯತ್ತುಗಳು. ಕನ್ನಡದವುಗಳನ್ನು 1994ರಲ್ಲಿ ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ನಮ್ಮ ಸೀಮೆಗೆ ಅದೊಂದು ದೊಡ್ಡ ಉಪಕಾರ. ಎರಡು, ಬ್ರಿಟಿಷರ ಗೆಜೆಟಿಯರು. ಬಳ್ಳಾರಿ ಜಿಲ್ಲೆಯದನ್ನು ಡಬ್ಲ್ಯೂ. ಫ್ರಾನ್ಸಿಸ್ 1904ರಲ್ಲಿ ಹೊರತಂದ. ಮೂರು, ರಾಬರ್ಟ್ ಸಿವೆಲ್ 1900ರಲ್ಲಿ ಬರೆದ ‘ಎ ಫರ್ಗಾಟನ್ ಎಂಪೈರ್’; ಪೋರ್ಚುಗೀಸ್ ಪ್ರವಾಸಿಗಳಾದ ಪಾಯಸ್ ಮತ್ತು ನೂನಿಜ್ ಬರೆದದ್ದರ ಇಂಗ್ಲಿಷ್ ಅನುವಾದ ಅದರಲ್ಲೇ ಇದೆ. ಈ ಮೂರನ್ನೂ ಗೌರವದಿಂದ ಓದಬೇಕು. ಆದರೆ ಯಾರು, ಯಾರನ್ನು, ಯಾತಕ್ಕಾಗಿ ಕೇಳಿ ಬರೆದರು ಎಂಬುದನ್ನು ಮರೆತು ಓದಬಾರದು. ಕೈಫಿಯತ್ತಿಗೆ ಉತ್ತರ ಕೊಟ್ಟವರು ಹೆಚ್ಚಾಗಿ ಶಾನುಭೋಗರು, ಅರ್ಚಕರು, ಪಾಳೆಯಗಾರರ ಕಡೆಯವರು. ಕೆರೆ ಕಟ್ಟಿಸಿದವನ ಹೆಸರು, ಇನಾಮು ಭೂಮಿಯ ಹೆಸರು ಅವರಿಗೆ ಗೊತ್ತಿತ್ತು. ಆ ಕೆರೆಯಿಂದ ನೀರು ಹೊತ್ತವರನ್ನು ಯಾರೂ ಕೇಳಲಿಲ್ಲ.

ಇದರ ಫಲ ಏನೆಂಬುದಕ್ಕೆ ಹೊಸಪೇಟೆಯ ಹೆಸರೇ ಸಾಕ್ಷಿ. ಇದು ಕೃಷ್ಣದೇವರಾಯ ಕಟ್ಟಿಸಿದ ಊರು, ಮೊದಲ ಹೆಸರು ನಾಗಲಾಪುರ. ಯಾವ ನಾಗಲೆ? ಗೆಜೆಟಿಯರಿನ ದಾರಿ ಹಿಡಿದವರು, ಅರಸನಾಗುವ ಮೊದಲೇ ರಾಯ ಪ್ರೀತಿಸಿ ಆಮೇಲೆ ಮದುವೆಯಾದ ವೇಶ್ಯೆ ಎನ್ನುತ್ತಾರೆ. ಪೋರ್ಚುಗೀಸರೂ ಪ್ರೀತಿಯ ಹೆಂಡತಿಗಾಗಿ ಕಟ್ಟಿಸಿದ ಊರೆಂದೇ ಬರೆದರು. ಆದರೆ ಶಾಸನಗಳಲ್ಲಿ ನಾಗಲೆ ಎಂಬುದು ರಾಯನ ತಾಯಿಯ ಹೆಸರು. ಹಾಗಾಗಿ ಇದು ತಾಯಿಯ ನೆನಪಿನ ಊರು ಎನ್ನುವವರೂ ಇದ್ದಾರೆ. ಶಾಸನಗಳ ತಿರುಮಲದೇವಿ ಪಟ್ಟಣವೂ ಇದೇ ಊರೆಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಆಕೆ ಪಟ್ಟದ ರಾಣಿ. ತಾಯಿ, ರಾಣಿ, ಪ್ರೇಯಸಿ ಮೂವರೂ ಒಂದೇ ಊರಿನ ಬಾಗಿಲಲ್ಲಿ ನಿಂತಿದ್ದಾರೆ. ನಮ್ಮ ಸಂಚಿಕೆಗಳು ಇದನ್ನು ಬಿಡಿಸಿ ನೋಡುವುದಿಲ್ಲ. ರಸಿಕತೆ ಬೇಕಾದವರು ಪ್ರೇಯಸಿಯನ್ನು ಹಿಡಿಯುತ್ತಾರೆ, ಭಕ್ತಿ ಬೇಕಾದವರು ತಾಯಿಯನ್ನು ಹಿಡಿಯುತ್ತಾರೆ. ಅದೇ ಪುಟದಲ್ಲಿ ಕೃಷ್ಣದೇವರಾಯ ಯಾವ ವರ್ಷ ಯಾವ ಕೋಟೆ ಗೆದ್ದ ಎಂಬುದರ ಬಗ್ಗೆ ಮಾತ್ರ ತಿಂಗಳು, ಪಕ್ಷ, ತಿಥಿ ಸಮೇತ ವಾದ ನಡೆದಿರುತ್ತದೆ. ನಮ್ಮ ಅಜ್ಜಿಯರಿಗೆ ಊರಿನ ಹೆಸರು ಅಂಟಿ ಅವರ ಹೆಸರು ಹೋಯಿತು. ಇಲ್ಲಿ ಹೆಂಗಸಿನ ಹೆಸರು ಊರಿಗೆ ಬಂದೂ ಉಳಿಯಲಿಲ್ಲ, ಹೊಸಪೇಟೆ ಎಂದಾಯಿತು.

ಕಂಪ್ಲಿಗೆ ಬನ್ನಿ. ಅಲ್ಲಿನ ಹೆಮ್ಮೆ ಕಂಪಿಲರಾಯ ಮತ್ತು ಅವನ ಮಗ ಗಂಡುಗಲಿ ಕುಮಾರರಾಮ. ಹದಿನಾರನೆಯ ಶತಮಾನದ ನಂಜುಂಡನ ಸಾಂಗತ್ಯದಿಂದ ಹಿಡಿದು ಬಯಲಾಟದವರೆಗೆ ಅವನ ಕಥೆ ಹರಡಿದೆ. ಅದರಲ್ಲಿ ಎಲ್ಲರಿಗೂ ನೆನಪಿರುವ ಹೆಂಗಸು ಒಬ್ಬಳೇ, ರತ್ನಾಜಿ. ಚೆಂಡು ಹುಡುಕಿಕೊಂಡು ಬಂದ ಮಲಮಗನನ್ನು ಬಯಸಿದ ಚಿಕ್ಕತಾಯಿ. ವಯಸ್ಸಾದ ರಾಜನ ಎಳೆಯ ಹೆಂಡತಿಯಾಗಿ ಆ ಅರಮನೆಯಲ್ಲಿ ಅವಳು ಹೇಗೆ ಬದುಕಿದಳು ಎಂಬುದು ಯಾವ ಸಂಚಿಕೆಯ ಲೇಖಕನಿಗೂ ಬೇಕಿಲ್ಲ. ಕವಿಯ ಕಥೆಯನ್ನು ಇತಿಹಾಸವೆಂದೇ ಬರೆದು ಅವಳನ್ನು ಬೈದು ಮುಗಿಸುತ್ತಾರೆ. 1327ರಲ್ಲಿ ದೆಹಲಿಯ ತುಘಲಕ್ ಸೈನ್ಯ ಮುತ್ತಿದಾಗ ಕಂಪಿಲನ ಮನೆಯ ಹೆಂಗಸರು ಬೆಂಕಿಗೆ ಬಿದ್ದರೆಂದು ಇಬ್ನ್ ಬತೂತ ಬರೆದಿದ್ದಾನೆ. ಅವರಲ್ಲಿ ಒಬ್ಬಳ ಹೆಸರೂ ಇಲ್ಲ. ಅದೇ ಕಂಪಿಲ ಹಂಪಿಯ ಹೇಮಕೂಟದ ಮೇಲೆ ಗುಡಿ ಕಟ್ಟಿಸಿ ತಂದೆಯ ಹೆಸರಿನಲ್ಲಿ ಒಂದು, ತಾಯಿಯ ಹೆಸರಿನಲ್ಲಿ ಒಂದು, ಇನ್ನೊಬ್ಬ ನಾಯಕನ ಹೆಸರಿನಲ್ಲಿ ಒಂದು ಲಿಂಗ ಇಡಿಸಿದ. ಏಳುನೂರು ವರ್ಷ ಹಿಂದಿನ ಒಬ್ಬ ರಾಜ ತಾಯಿಗೆ ತಂದೆಯ ಪಕ್ಕದಲ್ಲಿ ಸಮಾನ ಜಾಗ ಕೊಟ್ಟ ಕಲ್ಲು ಅದು. ರತ್ನಾಜಿಗೆ ಎರಡು ಪುಟ ಕೊಡುವವರು ಈ ಕಲ್ಲಿಗೆ ಒಂದು ಸಾಲನ್ನಾದರೂ ಕೊಡಬಹುದಲ್ಲ!

ಸಂಡೂರಿನ ವಿಷಯ ಇನ್ನೂ ಸೂಕ್ಷ್ಮ. ಘೋರ್ಪಡೆ ಮನೆತನದ ಆ ಸಣ್ಣ ಸಂಸ್ಥಾನ 1932ರಲ್ಲಿಯೇ ಕುಮಾರಸ್ವಾಮಿ ಗುಡಿಯನ್ನು ಹರಿಜನರಿಗೆ ತೆರೆಯಿತು. ಗಾಂಧೀಜಿ ಮೆಚ್ಚಿದ ಈ ಸಂಗತಿಯನ್ನು ಸಂಡೂರಿನ ಚರಿತ್ರೆಗಳೆಲ್ಲ ಅಭಿಮಾನದಿಂದ ಬರೆಯುತ್ತವೆ, ಬರೆಯಲೇಬೇಕು. ಆದರೆ ತಾಯಿ ಪಾರ್ವತಿಯ ಮೇಲೆ ಮುನಿದು ಬಂದ ದೇವರೆಂಬ ಕಥೆಯ ಆಧಾರದಿಂದ ಅದೇ ಗುಡಿಯೊಳಗೆ ಹೆಂಗಸರು ಕಾಲಿಡಬಾರದೆಂಬ ಸಂಪ್ರದಾಯ ಬೆಳೆದುಬಂದಿದೆ. ಅದನ್ನು ಸ್ಥಳಮಹಿಮೆಯೆಂದು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಎಲ್ಲರಿಗೂ ಬಾಗಿಲು ತೆರೆಯಿತು ಎಂದು ಬರೆಯುವಾಗ ಆ ‘ಎಲ್ಲರಲ್ಲಿ’ ಅರ್ಧ ಜನ ಇಲ್ಲವೆಂಬುದು ಬರೆದವರಿಗೆ ಹೊಳೆಯುವುದಿಲ್ಲ. ಹಾಗೆಯೇ, ಸಂಡೂರಿನ ಹೆಸರನ್ನು ಇಂದು ದೂರದವರೆಗೆ ಒಯ್ದಿರುವ ಲಂಬಾಣಿ ಕಸೂತಿ ಹೆಂಗಸರ ಬೆರಳಿನ ಕೆಲಸ. ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಗಣಿಗೆ ಹತ್ತು ಪುಟ, ಕಸೂತಿಗೆ ಒಂದು ಫೋಟೋ ಎಂಬ ಲೆಕ್ಕವನ್ನು ನಾನು ಒಪ್ಪಲಾರೆ.

ಹಾಗಾದರೆ ಹೆಂಗಸರು ಬರೆಯಲೇ ಇಲ್ಲವೆ? ಇಲ್ಲಿ ನೂನಿಜನ ಒಂದು ಸಾಕ್ಷ್ಯ ನನ್ನನ್ನು ಬಿಡದೆ ಕಾಡುತ್ತದೆ. ಸುಮಾರು 1535ರಿಂದ 1537ರ ಹೊತ್ತಿಗೆ, ಅಚ್ಯುತರಾಯನ ಕಾಲದಲ್ಲಿ, ವಿಜಯನಗರದಲ್ಲಿದ್ದ ಈ ಕುದುರೆ ವ್ಯಾಪಾರಿ ಬರೆದಿರುವುದರ ಸಾರಾಂಶ ಇಷ್ಟು: ಅರಮನೆಯ ಬಾಗಿಲೊಳಗಿನ ಖರ್ಚುವೆಚ್ಚವನ್ನೆಲ್ಲ ಬರೆದಿಡುವ ಹೆಂಗಸರಿದ್ದರು, ರಾಜ್ಯದ ವಿದ್ಯಮಾನಗಳನ್ನು ಬರೆದು, ಹೊರಗಿನ ಬರಹಗಾರರ ಪುಸ್ತಕದ ಜೊತೆ ತಾಳೆ ನೋಡುವ ಹೆಂಗಸರೂ ಇದ್ದರು. ಕೊನೆಯ ಮಾತನ್ನು ಗಮನಿಸಿ. ಹೊರಗಿನ ಲೆಕ್ಕ ಸರಿಯೋ ತಪ್ಪೋ ಎಂದು ಒಳಗಿನ ಹೆಂಗಸರು ನೋಡುತ್ತಿದ್ದರು. 1565ರ ನಂತರ ಆ ಊರು ಹಾಳಾಯಿತು, ಅವರ ಪುಸ್ತಕಗಳು ನಮಗೆ ದಕ್ಕಲಿಲ್ಲ. ಇಂದು ನಮ್ಮ ಕೈಯಲ್ಲಿರುವುದು ಹೊರಗಿನ ಪುಸ್ತಕ ಮಾತ್ರ. ತಾಳೆ ನೋಡುವ ಪುಸ್ತಕವೇ ಇಲ್ಲದ ಲೆಕ್ಕವನ್ನು ನಾವು ಪೂರ್ಣ ಚರಿತ್ರೆ ಎನ್ನುತ್ತಿದ್ದೇವೆ.

ಅದೇ ಕಾಲಕ್ಕೆ, 1538ರಲ್ಲಿ, ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆ ಹೊರಡಿಸಿದ. ಪ್ರತಿ ಚರ್ಚಿನ ಪಾದ್ರಿ ತನ್ನ ವ್ಯಾಪ್ತಿಯ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ವಾರ ವಾರ ಪುಸ್ತಕದಲ್ಲಿ ಬರೆದು ಎರಡು ಬೀಗದ ಪೆಟ್ಟಿಗೆಯಲ್ಲಿ ಇಡಬೇಕು ಎಂದು. ಅದರಿಂದಾಗಿ ಅಲ್ಲಿನ ಸಣ್ಣ ಹಳ್ಳಿಯ ಕೂಲಿಯವನ ಮೊಮ್ಮಗಳೂ ಹತ್ತು ಹನ್ನೆರಡು ತಲೆಮಾರು ಹಿಂದಕ್ಕೆ ಹೋಗಬಲ್ಲಳು. ಇದನ್ನು ಓದಿ ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಅಲ್ಲಿನ ಹಳೆಯ ಪುಸ್ತಕಗಳಲ್ಲಿಯೂ ಎಷ್ಟೋ ಕಡೆ ಮಗುವಿನ ತಂದೆಯ ಹೆಸರು ಮಾತ್ರ ಇದೆ, ಸತ್ತ ಹೆಂಗಸು ‘ಇಂಥವನ ಹೆಂಡತಿ’ ಮಾತ್ರ. 1753ರ ಮದುವೆ ಕಾಯಿದೆಯ ನಂತರವೇ ಮದುಮಗಳು ತಾನೇ ಸಹಿಯನ್ನೋ ಅಕ್ಷರ ಬಾರದಿದ್ದರೆ ಒಂದು ಗುರುತನ್ನೋ ಹಾಕುವುದು ಖಾಯಂ ಆದದ್ದು. ಬರೆದಿಡುವ ಪದ್ಧತಿ ಇದ್ದರೆ ಸಾಲದು. ಯಾವ ಕಾಲಮ್ಮಿನಲ್ಲಿ ಯಾರ ಹೆಸರು ಎಂಬುದೂ ಮುಖ್ಯ.

ನಮ್ಮಲ್ಲಿ ಹುಡುಕುವವರ ಕಷ್ಟ ಇನ್ನೊಂದು ಬಗೆಯದು. 1949ರವರೆಗೆ ಸಂಡೂರು ಬೇರೆ ಸಂಸ್ಥಾನ. ಹೊಸಪೇಟೆ, ಕಂಪ್ಲಿಗಳು 1953ರವರೆಗೆ ಮದ್ರಾಸಿಗೆ ಸೇರಿದ್ದವು. ಕಂಪ್ಲಿಯಿಂದ ಹೊಳೆ ದಾಟಿದರೆ ಗಂಗಾವತಿ ನಿಜಾಮನ ರಾಜ್ಯ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ ಒಂದು ಜಿಲ್ಲೆಗೆ, ಕಂಪ್ಲಿ ಸಂಡೂರುಗಳು ಇನ್ನೊಂದು ಜಿಲ್ಲೆಗೆ. ಹತ್ತಿಪ್ಪತ್ತು ಮೈಲಿಯೊಳಗೆ ಕೊಟ್ಟು ತಂದ ಸಂಬಂಧವೊಂದರ ಕಾಗದಪತ್ರಕ್ಕಾಗಿ ಬಳ್ಳಾರಿ, ಚೆನ್ನೈ, ಹೈದರಾಬಾದು ಎಂದು ಅಲೆಯಬೇಕು. ಊರು ಬಿಟ್ಟು ಅಲೆಯುವ ಅನುಕೂಲ ಹೆಂಗಸರಿಗೆ ಕಡಿಮೆ. ಚರಿತ್ರೆ ಬರೆಯುವವರಲ್ಲಿ ನಾವು ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ.

ಹೆಸರು ಇದ್ದರೇನು, ಬಿಟ್ಟರೇನು ಎನ್ನುವವರಿಗೆ ಎರಡು ಸಂಗತಿ ಹೇಳಬೇಕು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕದಲ್ಲಿ 1994ರಲ್ಲಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳ ಮಟ್ಟಿಗೆ, ಕಾಯಿದೆ ಬಂತು. 2005ರಲ್ಲಿ ಇಡೀ ದೇಶಕ್ಕೆ ಬಂತು. ತಂದೆ ಆಗ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಆದರೆ ಖಾತೆ ಬದಲಾಯಿಸಲು ಕಚೇರಿಗೆ ಕೊಡುವ ಕಾಗದದ ಹೆಸರೂ ವಂಶವೃಕ್ಷವೇ. ನನ್ನ ಪರಿಚಯದ ಹೆಣ್ಣುಮಗಳೊಬ್ಬಳ ಅಣ್ಣಂದಿರು ಕೊಟ್ಟ ವಂಶವೃಕ್ಷದಲ್ಲಿ ಅವಳು ಹುಟ್ಟಿಯೇ ಇರಲಿಲ್ಲ. ತಾನು ಆ ಮನೆಯ ಮಗಳೆಂದು ತೋರಿಸಲು ಅವಳು ಹಳೆಯ ಲಗ್ನಪತ್ರಿಕೆ ಹುಡುಕಿದಳು, ಓದಿದ ಶಾಲೆಯ ದಾಖಲಾತಿ ಪುಸ್ತಕದ ನಕಲು ತಂದಳು. ನಮ್ಮ ಆ ಪುಸ್ತಕಗಳಲ್ಲಿ ಅರ್ಧ ಮಕ್ಕಳು ಜೂನ್ ಒಂದರಂದು ಹುಟ್ಟಿರುತ್ತಾರೆ ಎಂದು ನಾವೇ ನಗುತ್ತಿರುತ್ತೇವೆ. ಆದರೂ ಒಂದು ಹೆಣ್ಣಿಗೆ ತವರಿನಲ್ಲಿ ಜಾಗ ಕೊಡಿಸಿದ್ದು ಆ ಪುಸ್ತಕದ ಒಂದು ಸಾಲು.

ಇನ್ನೊಂದು, ಶಾಲೆಗೆ ಸೇರಿಸಲು ಮೊಮ್ಮಗಳನ್ನು ಕರೆತಂದ ಅಜ್ಜಿಯೊಬ್ಬಳ ಮಾತು. ಆ ಮನೆಯ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುತ್ತಿದ್ದರು. ತಂದೆಯ ಹೆಸರು ಕೇಳಿದಾಗ ಹುಡುಗಿ ನೆಲ ನೋಡಿದಳು. ಅಜ್ಜಿ ಮಾತ್ರ ತಲೆ ತಗ್ಗಿಸಲಿಲ್ಲ. ‘ಅಪ್ಪನ ಹೆಸ್ರು ಎಲ್ಲಿಂದ ತರ್ಲಿ ಟೀಚರಮ್ಮಾ? ಅವ್ವಂದಿರ ಹೆಸ್ರು ಬೇಕಾದ್ರೆ ಬರ್ಕೋರಿ’ ಎಂದು ಮಗಳಿಂದ ತಾಯಿಗೆ, ತಾಯಿಯಿಂದ ಅವಳ ತಾಯಿಗೆ ಐದು ತಲೆಮಾರು ಹೇಳಿದಳು. ದೇವರಿಗೆ ಬಿಡುವ ಆ ಕ್ರೌರ್ಯವನ್ನು 1982ರ ಕಾಯಿದೆ ನಿಷೇಧಿಸಿದೆ, ಅದು ಉಳಿಯಬಾರದು. ಆದರೆ ಹೆಂಗಸರ ಹೆಸರು ತುಂಬಿದ ವಂಶವೃಕ್ಷವನ್ನು ನನ್ನ ಬದುಕಿನಲ್ಲಿ ನಾನು ಕೇಳಿದ್ದು ಆ ಒಂದು ಬಾಯಿಂದ ಮಾತ್ರ. ಮರ್ಯಾದಸ್ಥರು ಎನ್ನಿಸಿಕೊಂಡ ನಾವು ನಮ್ಮ ತಾಯಿಯ ತಾಯಿಯ ತಾಯಿಯ ಹೆಸರು ಹೇಳಬಲ್ಲೆವೆ?

ಹೇಳಲಾಗದಿದ್ದರೆ ಹುಡುಕಬಹುದು. ಅದಕ್ಕೆ ಚೆನ್ನೈಗೆ ಹೋಗುವ ಮೊದಲು ಅಟ್ಟ ಹತ್ತಿ. ತವರಿನಿಂದ ಬಂದ ತಾಮ್ರದ ಕೊಡ, ಹಿತ್ತಾಳೆಯ ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ನೋಡಿ. ಕಂಠದ ಹತ್ತಿರ ಕೊಟ್ಟವರ ಹೆಸರು, ಕೆಲವೊಮ್ಮೆ ಇಸವಿಯೂ ಕೆತ್ತಿರುತ್ತದೆ. ರಾಜರಿಗೆ ತಾಮ್ರಶಾಸನವಿದ್ದ ಹಾಗೆ ನಮಗೆ ಈ ಪಾತ್ರೆಗಳು. ಮದುವೆಯ ಮುಯ್ಯಿ ಬರೆದ ನೋಟ್‌ಬುಕ್ಕು, ಲಗ್ನಪತ್ರಿಕೆ, ಸಬ್‌ರಿಜಿಸ್ಟ್ರಾರ್ ಕಚೇರಿಯ ದಾನಪತ್ರ, ಯಾರ ಯಾರ ಸೀರೆ ಸೇರಿದೆಯೆಂದು ಬೆರಳಿಟ್ಟು ಹೇಳಬಹುದಾದ ಕೌದಿ, ಎಲ್ಲವೂ ದಾಖಲೆ. ಜೊತೆಗೆ ಮುದುಕಿಯರ ನೆನಪು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿ, ಜನ ಮರಿಯಮ್ಮನಹಳ್ಳಿಗೆ ಬಂದರು. ಸರಕಾರದ ಕಡತದಲ್ಲಿ ಮುಳುಗಿದ ಎಕರೆಗಳ ಲೆಕ್ಕವಿದೆ. ಯಾವ ಬಾವಿಯ ನೀರಿಗೆ ಬೇಳೆ ಬೇಗ ಬೇಯುತ್ತಿತ್ತು, ಯಾರ ಕಟ್ಟೆಯ ಮೇಲೆ ಬಾಣಂತಿಯರು ಬಿಸಿಲು ಕಾಯಿಸುತ್ತಿದ್ದರು ಎಂಬುದು ಆಗ ಹುಡುಗಿಯರಾಗಿದ್ದವರ ತಲೆಯಲ್ಲಿ ಮಾತ್ರ ಇದೆ. ಅವರಿಗೆಲ್ಲ ಈಗ ಎಂಬತ್ತು ದಾಟಿದೆ.

ಮನೆಯ ಚರಿತ್ರೆಯಾಗಲಿ ಊರಿನ ಚರಿತ್ರೆಯಾಗಲಿ, ಇನ್ನು ಮುಂದೆ ನನ್ನ ಕೈಗೆ ಬಂದರೆ ನಾನು ಮೂರೇ ಪ್ರಶ್ನೆ ಕೇಳುತ್ತೇನೆ. ಬಂದ ಹೆಂಗಸರ ತವರಿನ ಹೆಸರು, ಊರು ಇದೆಯೇ? ಕೊಟ್ಟ ಹೆಣ್ಣುಮಕ್ಕಳು ಮರದಲ್ಲಿ ಇದ್ದಾರೆಯೇ? ಬರೆಯುವ ಮೊದಲು ಆ ಮನೆಯ, ಆ ಊರಿನ ಒಬ್ಬ ಮುದುಕಿಯನ್ನಾದರೂ ಕೂರಿಸಿ ಕೇಳಿದ್ದಾರೆಯೇ? ಇಲ್ಲವಾದರೆ ಅದು ಸುಳ್ಳು ಪುಸ್ತಕವೆಂದು ಹೇಳುವುದಿಲ್ಲ, ಅರ್ಧ ಪುಸ್ತಕವೆಂದು ಹೇಳುತ್ತೇನೆ. ಉಳಿದರ್ಧವನ್ನು ಗಂಡಸರು ಬರೆಯಲಿ ಎಂದು ಕಾಯುವುದು ಬೇಡ. ದಿನಸಿ ಲೆಕ್ಕ, ಹಾಲಿನ ಲೆಕ್ಕ, ಚೀಟಿಯ ಲೆಕ್ಕ ಒಂದು ಪೈಸೆ ತಪ್ಪದ ಹಾಗೆ ಬರೆಯುವವರು ನಾವೇ. ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಅಮ್ಮನ ಹೆಸರು, ಅವಳ ಅಮ್ಮನ ಹೆಸರು, ಅವರು ಬಂದ ಊರು ಇಷ್ಟನ್ನು ಮೊದಲು ಬರೆಯಿರಿ. ಕೇಳಿ ಬರೆಯಬೇಕಾದವರು ಇನ್ನೂ ಇದ್ದರೆ ಇವತ್ತೇ ಕೇಳಿ.